ಕಟ್ಟಿದ ಜಾರನ್ನು ಒಮ್ಮೆ ಓಡಿಸಿ ನೋಡಿ: ಮೇವನ್ ಫೇಲ್‌ಸೇಫ್ ಬಳಸಿದ ಅನುಭವ

ಜಾವಾ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷಿಸಿ, ಜಾರ್ ಅನ್ನುವ ಒಂದೇ ಫೈಲಾಗಿ ಕಟ್ಟಿಕೊಡುವ ಸಾಧನ ಮೇವನ್. ಅದರಲ್ಲಿ ಕೆಲಸ ಮಾಡುವವರಿಗೆ ಶೂರ್‌ಫೈರ್ ಪ್ಲಗಿನ್ ಬಗ್ಗೆ ಹೇಳಬೇಕಾಗಿಲ್ಲ. ನಾವು ಕರೆಯದಿದ್ದರೂ ಬಂದು ಯೂನಿಟ್ ಟೆಸ್ಟ್, ಅಂದರೆ ಕೋಡಿನ ಸಣ್ಣ ಸಣ್ಣ ತುಂಡುಗಳ ಪರೀಕ್ಷೆ, ಓಡಿಸಿ ಹೋಗುತ್ತದೆ. ಅದಕ್ಕೊಬ್ಬ ತಮ್ಮ ಇದ್ದಾನೆ, ಫೇಲ್‌ಸೇಫ್ ಅಂತ. ತುಂಡುಗಳನ್ನೆಲ್ಲ ಜೋಡಿಸಿ ನೋಡುವ ಇಂಟಿಗ್ರೇಶನ್ ಟೆಸ್ಟ್ ಅವನ ಪಾಲು. ಇಬ್ಬರೂ ಅಪಾಚೆಯವರ ಒಂದೇ ಮನೆಯವರು, ವರ್ಷನ್ ನಂಬರ್ ಕೂಡ ಒಂದೇ. ಆದರೆ ತಮ್ಮ ತಾನಾಗಿ ಬರುವವನಲ್ಲ. ಪ್ರಾಜೆಕ್ಟ್‌ನ ಸೆಟ್ಟಿಂಗ್ ಬರೆದಿಡುವ ಪಾಮ್ ಫೈಲ್‌ನಲ್ಲಿ ಹೆಸರು ಬರೆದು ಕರೆಯಬೇಕು. ಕರೆಯುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ತುಟಿ ಬಿಚ್ಚುವುದಿಲ್ಲ. ಈ ಗುಣದಿಂದ ನಾನು ಒಂದು ಸಲ ಚೆನ್ನಾಗಿ ಬೆಪ್ಪಾಗಿದ್ದೇನೆ. ಆ ಕಥೆ ಆಮೇಲೆ.

ಆರು ವರ್ಷದಿಂದ ಇದನ್ನು ಬಳಸುತ್ತಿದ್ದೇನೆ. ನಮ್ಮ ತಂಡದಲ್ಲಿ ಬಿಲ್ಡ್ ಕೆಟ್ಟರೆ ಎಲ್ಲರೂ ತಿರುಗಿ ನೋಡುವುದು ನನ್ನ ಕಡೆಗೇ. ನಾನೇನೂ ಆ ಕೆಲಸ ಕೇಳಿಕೊಂಡವನಲ್ಲ. ಹಿಂದೊಮ್ಮೆ ಪಾಮ್ ಫೈಲ್ ಸರಿ ಮಾಡಿಕೊಟ್ಟೆ, ಅಷ್ಟೇ, ಅವತ್ತಿನಿಂದ ಅದು ನನ್ನ ತಲೆಗೇ ಬಂತು.

ಫೇಲ್‌ಸೇಫ್ ಹುಡುಕಿಕೊಂಡು ಹೋಗಿದ್ದಕ್ಕೆ ಕಾರಣ ಒಂದು ಟೆಂಪ್ಲೇಟ್ ಫೋಲ್ಡರ್. ಗ್ರಾಹಕರಿಗೆ ಮೇಲ್ ಕಳಿಸುವ ಒಂದು ಸಣ್ಣ ಸರ್ವಿಸ್ ಇತ್ತು. ಅದು ಶುರುವಾಗುವಾಗ ರಿಸೋರ್ಸಸ್ ಒಳಗಿನ ಟೆಂಪ್ಲೇಟ್ಸ್ ಫೋಲ್ಡರ್ ತೆರೆದು, ಅಲ್ಲಿರುವ ಎಲ್ಲ ಎಚ್‌ಟಿಎಂಎಲ್ ಫೈಲುಗಳ ಪಟ್ಟಿ ಮಾಡಿಕೊಳ್ಳುತ್ತಿತ್ತು. ಬರೆದವರು ಗೆಟ್‌ರಿಸೋರ್ಸ್ ಕರೆದು, ಬಂದ ವಿಳಾಸವನ್ನು (ಯುಆರ್‌ಐ) ನೇರವಾಗಿ ಫೈಲ್ ಕನ್‌ಸ್ಟ್ರಕ್ಟರ್‌ಗೆ ಕೊಟ್ಟಿದ್ದರು. ಐಡಿಇಯಲ್ಲಿ, ಅಂದರೆ ಕೋಡ್ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಓಡಿತು. ಇನ್ನೂರಕ್ಕೂ ಜಾಸ್ತಿ ಯೂನಿಟ್ ಟೆಸ್ಟ್, ಎಲ್ಲವೂ ಹಸಿರು. ಸರ್ವರಿಗೆ ಹಾಕಿದ ಕೂಡಲೇ ಸರ್ವಿಸ್ ಎದ್ದೇಳಲಿಲ್ಲ. ಲಾಗ್‌ನಲ್ಲಿ ಒಂದೇ ಸಾಲು: 'ಯುಆರ್‌ಐ ಈಸ್ ನಾಟ್ ಹೈರಾರ್ಕಿಕಲ್'.

ಜಾವಾದಲ್ಲಿ ನಾಲ್ಕು ವರ್ಷ ಕಳೆದವರು ಈ ಸಾಲನ್ನು ಒಮ್ಮೆಯಾದರೂ ನೋಡಿರುತ್ತಾರೆ. ಯೂನಿಟ್ ಟೆಸ್ಟ್ ಓಡುವುದು ಟಾರ್ಗೆಟ್ ಒಳಗಿನ ಕ್ಲಾಸಸ್ ಫೋಲ್ಡರ್ ಮೇಲೆ. ಅಲ್ಲಿ ಟೆಂಪ್ಲೇಟ್ಸ್ ಅನ್ನುವುದು ಡಿಸ್ಕ್‌ನಲ್ಲಿ ನಿಜವಾಗಿ ಇರುವ ಫೋಲ್ಡರ್. ಜಾರ್ ಕಟ್ಟಿದ ಮೇಲೆ ಅಲ್ಲಿ ಫೋಲ್ಡರೂ ಇಲ್ಲ, ಫೈಲೂ ಇಲ್ಲ. ಎಲ್ಲವೂ ಒಂದು ಜಿಪ್‌ನ ಒಳಗಿನ ಎಂಟ್ರಿಗಳು. ವಿಳಾಸ 'ಜಾರ್' ಅಂತ ಶುರುವಾಗಿ ಮಧ್ಯದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ ಇಟ್ಟುಕೊಂಡಿರುತ್ತದೆ. ಫೈಲ್ ಕ್ಲಾಸ್‌ಗೆ ಅದು ಅರ್ಥವಾಗುವುದಿಲ್ಲ. ತಪ್ಪು ಕೋಡಿನದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ನಾವು ಇನ್ನೂರು ಸಲ ಪರೀಕ್ಷೆ ಮಾಡಿದ್ದು ಒಂದನ್ನು, ಸರ್ವರಿಗೆ ಕಳಿಸಿದ್ದು ಇನ್ನೊಂದನ್ನು. ನನಗೆ ಚುಚ್ಚಿದ್ದು ಅದು.

ಇಂಥ ಸಂಗತಿಗಳು ಇನ್ನೂ ಇವೆ. ಪ್ಯಾಕೇಜ್‌ನಿಂದ ಇಂಪ್ಲಿಮೆಂಟೇಶನ್ ವರ್ಷನ್ ಕೇಳಿದರೆ ಕ್ಲಾಸಸ್ ಫೋಲ್ಡರ್‌ನಲ್ಲಿ ನಲ್ ಸಿಗುತ್ತದೆ, ಏಕೆಂದರೆ ಅದು ಬರುವುದು ಜಾರ್‌ನ ಮ್ಯಾನಿಫೆಸ್ಟ್‌ನಿಂದ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾದರೆ ವಿಂಡೋಸ್ ಫೋಲ್ಡರ್ ಕ್ಷಮಿಸುತ್ತದೆ, ಜಾರ್ ಕ್ಷಮಿಸುವುದಿಲ್ಲ. ಜಾರ್ ಪ್ಲಗಿನ್‌ಗೆ ಯಾರೋ ಎಕ್ಸ್‌ಕ್ಲೂಡ್ ಸಾಲು ಬರೆದು ಬೇಕಾದ ಪ್ರಾಪರ್ಟೀಸ್ ಫೈಲನ್ನೇ ಹೊರಗಿಟ್ಟಿರುತ್ತಾರೆ. ಯಾವುದೂ ಯೂನಿಟ್ ಟೆಸ್ಟ್ ಕಣ್ಣಿಗೆ ಬೀಳುವುದಿಲ್ಲ.

ಫೇಲ್‌ಸೇಫ್ ಕೆಲಸ ಶುರು ಮಾಡುವುದು ಪ್ಯಾಕೇಜ್ ಹಂತ ಮುಗಿದ ಮೇಲೆ. ಮೇವನ್‌ನ ಸಾಲಿನಲ್ಲಿ ಟೆಸ್ಟ್, ಆಮೇಲೆ ಪ್ಯಾಕೇಜ್, ಆಮೇಲೆ ಪ್ರಿ-ಇಂಟಿಗ್ರೇಶನ್-ಟೆಸ್ಟ್, ಇಂಟಿಗ್ರೇಶನ್-ಟೆಸ್ಟ್, ಪೋಸ್ಟ್-ಇಂಟಿಗ್ರೇಶನ್-ಟೆಸ್ಟ್, ಕೊನೆಗೆ ವೆರಿಫೈ. ಜಾರ್ ಅಷ್ಟು ಹೊತ್ತಿಗೆ ತಯಾರಾಗಿರುತ್ತದೆ. ಕ್ಲಾಸಸ್ ಫೋಲ್ಡರ್ ಬದಲು ಆ ಜಾರನ್ನೇ ಕ್ಲಾಸ್‌ಪಾತ್‌ಗೆ (ಜಾವಾ ಕೋಡ್ ಹುಡುಕುವ ಜಾಗಗಳ ಪಟ್ಟಿ) ಹಾಕಿ, ಜಾವಾ ಓಡಿಸುವ ಜೆವಿಎಂ ಒಂದನ್ನು ಬೇರೆಯಾಗಿ ಎಬ್ಬಿಸಿ ಟೆಸ್ಟ್ ಓಡಿಸುತ್ತದೆ. ಮೇಲಿನ ಟೆಂಪ್ಲೇಟ್ ಕೋಡಿಗೆ ಒಂದು ಟೆಸ್ಟ್ ಬರೆದು ಫೇಲ್‌ಸೇಫ್ ಕೈಗೆ ಕೊಟ್ಟೆ. ಸರ್ವರ್‌ನಲ್ಲಿ ನೋಡಿದ ಅದೇ ಸಾಲು ನನ್ನ ಲ್ಯಾಪ್‌ಟಾಪ್‌ನಲ್ಲಿ ಬಂತು. ಎರರ್ ನೋಡಿ ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿ ಪ್ರಾಜೆಕ್ಟ್‌ನಲ್ಲಿ ಮೊದಲ ಇಂಟಿಗ್ರೇಶನ್ ಟೆಸ್ಟ್ ಮೂರೇ ಸಾಲಿನದು. ನಮ್ಮ ಮುಖ್ಯ ಕ್ಲಾಸ್‌ನ ಪ್ರೊಟೆಕ್ಷನ್ ಡೊಮೈನ್ ತೆಗೆದುಕೊಂಡು, ಅದರ ಕೋಡ್ ಸೋರ್ಸ್ ಎಲ್ಲಿಂದ ಬಂತು ಅಂತ ಕೇಳುವುದು. ಆ ವಿಳಾಸ ಡಾಟ್ ಜಾರ್ ಅಂತ ಮುಗಿಯದಿದ್ದರೆ ಟೆಸ್ಟ್ ಫೇಲ್. ಸಿಲ್ಲಿ ಅನ್ನಿಸಬಹುದು. ಆದರೆ ಜಾರ್ ಮೇಲೆ ಓಡುತ್ತಿದೆ ಅಂದುಕೊಂಡು ಫೋಲ್ಡರ್ ಮೇಲೆ ಓಡಿಸುವ ದಾರಿಗಳು ಬೇಕಾದಷ್ಟಿವೆ. ಒಂದನ್ನು ಹೇಳುತ್ತೇನೆ. ಸಮಯ ಉಳಿಸೋಣ ಅಂತ ಕಮಾಂಡ್ ಲೈನ್‌ನಲ್ಲಿ ಫೇಲ್‌ಸೇಫ್‌ನ ಗೋಲ್ (ಪ್ಲಗಿನ್ ಮಾಡುವ ಒಂದೊಂದು ಕೆಲಸಕ್ಕಿಟ್ಟ ಹೆಸರು) ಮಾತ್ರ ನೇರವಾಗಿ ಕರೆದೆ. ಆ ಓಟದಲ್ಲಿ ಪ್ಯಾಕೇಜ್ ಹಂತವೇ ನಡೆದಿರಲಿಲ್ಲ. ಟಾರ್ಗೆಟ್‌ನಲ್ಲಿ ಹಳೇ ಜಾರ್ ಬಿದ್ದಿದ್ದರೂ ಮೇವನ್‌ಗೆ ಅದರ ನೆನಪಿಲ್ಲ. ಫೇಲ್‌ಸೇಫ್ ಸದ್ದಿಲ್ಲದೆ ಕ್ಲಾಸಸ್ ಫೋಲ್ಡರ್‌ಗೆ ವಾಪಸ್ ಹೋಯಿತು. ನನ್ನ ಮೂರು ಸಾಲು ಹಿಡಿದುಕೊಟ್ಟಿತು.

ಈಗ ಬೆಪ್ಪಾದ ಕಥೆ.

ಶೂರ್‌ಫೈರ್‌ನಲ್ಲಿ ಟೆಸ್ಟ್ ಬಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಇಂಟಿಗ್ರೇಶನ್ ಟೆಸ್ಟ್‌ನಲ್ಲಿ ಹಾಗೆ ಮಾಡಿದರೆ ಕಷ್ಟ. ಪ್ರಿ ಹಂತದಲ್ಲಿ ಡೇಟಾಬೇಸನ್ನು ಕಂಟೇನರ್ ಅನ್ನುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಎಬ್ಬಿಸಿರುತ್ತೇವೆ, ಪೋಸ್ಟ್ ಹಂತದಲ್ಲಿ ಅದನ್ನು ಮಲಗಿಸಬೇಕು. ಮಧ್ಯದಲ್ಲೇ ನಿಂತುಬಿಟ್ಟರೆ ಮಲಗಿಸುವವರು ಯಾರು? ಅದಕ್ಕೇ ಫೇಲ್‌ಸೇಫ್ ಕೆಲಸವನ್ನು ಎರಡು ಗೋಲ್‌ಗಳಲ್ಲಿ ಹಂಚಿಕೊಂಡಿದೆ. ಇಂಟಿಗ್ರೇಶನ್-ಟೆಸ್ಟ್ ಗೋಲ್ ಟೆಸ್ಟ್ ಓಡಿಸಿ, ಎಷ್ಟು ಬಿತ್ತು ಅಂತ ಫೇಲ್‌ಸೇಫ್-ರಿಪೋರ್ಟ್ಸ್ ಫೋಲ್ಡರ್‌ನಲ್ಲಿ ಒಂದು ಸಮರಿ ಎಕ್ಸ್‌ಎಂಎಲ್ ಬರೆದಿಟ್ಟು ಮುಂದೆ ಹೋಗುತ್ತದೆ. ಸ್ವಚ್ಛ ಮಾಡುವ ಕೆಲಸ ಮುಗಿಯುತ್ತದೆ. ಆಮೇಲೆ ವೆರಿಫೈ ಗೋಲ್ ಬಂದು ಆ ಎಕ್ಸ್‌ಎಂಎಲ್ ಓದಿ, ಬಿದ್ದಿದ್ದರೆ ಆಗ ಬಿಲ್ಡ್ ಕೆಡಿಸುತ್ತದೆ. ಬೀಳುವುದಾದರೂ ಜೋಪಾನವಾಗಿ ಬೀಳುವುದು, ಹೆಸರೇ ಹೇಳುತ್ತದಲ್ಲ. ಯೋಚಿಸಿ ನೋಡಿದರೆ ಬಹಳ ಚೆಂದದ ಏರ್ಪಾಡು.

ನಾನು ಪಾಮ್ ಫೈಲ್‌ನಲ್ಲಿ ಒಂದೇ ಗೋಲ್ ಬರೆದಿದ್ದೆ.

ಇಂಟಿಗ್ರೇಶನ್-ಟೆಸ್ಟ್ ಅಂತ ಬರೆದೆ, ಟೆಸ್ಟ್ ಓಡಿದ್ದು ಕಣ್ಣಾರೆ ನೋಡಿದೆ, ಕಾಫಿಗೆ ಎದ್ದುಹೋದೆ. ವೆರಿಫೈ ಗೋಲ್ ನೆನಪೇ ಆಗಲಿಲ್ಲ. ಮೇವನ್ ಓಡಿಸುವ ಕಮಾಂಡ್ ಎಂವಿಎನ್ ವೆರಿಫೈ ಅಂತಲೇ ಕೊಡುತ್ತಿದ್ದೆವಲ್ಲ, ಅದರಿಂದ ಇನ್ನೂ ಮೋಸ ಹೋದೆ. ವೆರಿಫೈ ಅನ್ನುವುದು ಹಂತದ ಹೆಸರೂ ಹೌದು, ಗೋಲ್‌ನ ಹೆಸರೂ ಹೌದು. ಹಂತ ನಡೆಯುತ್ತಿತ್ತು, ಆ ಹಂತದಲ್ಲಿ ಮಾಡುವ ಕೆಲಸ ಮಾತ್ರ ಏನೂ ಇರಲಿಲ್ಲ.

ಐದು ವಾರ ಎಲ್ಲ ಹಸಿರು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಲಾಗ್ ಪೂರ್ತಿ ಓದುವ ಅಭ್ಯಾಸದವಳು. ನಮ್ಮಲ್ಲಿ ಯಾರಿಗೂ ಆ ಅಭ್ಯಾಸ ಇರಲಿಲ್ಲ. ಒಂದಿನ ನನ್ನ ಮೇಜಿನ ಹತ್ತಿರ ಬಂದು ಕೇಳಿದಳು, "ಸರ್, ಈ ಮೂರು ಫೇಲ್ ಆಗಿವೆಯಲ್ಲ, ಇದನ್ನ ಹಾಗೇ ಬಿಡೋದಾ?"

"ಫೇಲ್ ಆಗಿದ್ರೆ ಬಿಲ್ಡ್ ಮುಂದೆ ಹೋಗಲ್ಲಮ್ಮ" ಅಂದೆ. ಹಿರಿಯನ ಗತ್ತಿನಲ್ಲೇ ಅಂದೆ.

ಅವಳು ಏನೂ ಹೇಳದೆ ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ಟೆಸ್ಟ್ಸ್ ರನ್ 41, ಫೇಲ್ಯೂರ್ಸ್ 3. ಅದರ ಕೆಳಗೆ ಹತ್ತಿಪ್ಪತ್ತು ಸಾಲು ಬಿಟ್ಟು, ಅಗಲವಾಗಿ, ಬಿಲ್ಡ್ ಸಕ್ಸೆಸ್.

ಹಿಂದಿನ ಬಿಲ್ಡ್‌ಗಳ ಲಾಗ್ ತೆರೆದು ಹಿಂದಕ್ಕೆ ಹೋದೆ. ಮೊದಲ ಟೆಸ್ಟ್ ಬಿದ್ದು ಇಪ್ಪತ್ತೆರಡು ದಿನ ಆಗಿತ್ತು. ಅದು ಬಿದ್ದಿದ್ದೂ ನನ್ನದೇ ಬದಲಾವಣೆಯಿಂದ. ಪಾಮ್‌ಗೆ ಒಂದು ಸಾಲು ಸೇರಿಸಿ, ತಲೆ ತಗ್ಗಿಸಿಕೊಂಡು ಮೂರು ಟೆಸ್ಟ್ ಸರಿ ಮಾಡಿದೆ. ಆ ಹುಡುಗಿ ಈಗ ನಮ್ಮ ಬಿಲ್ಡ್ ಅರ್ಧ ನೋಡಿಕೊಳ್ಳುತ್ತಾಳೆ.

ಫೇಲ್‌ಸೇಫ್ ಮೇಲೆ ನನಗಿರುವ ದೊಡ್ಡ ಸಿಟ್ಟು ಇದೇ. ಎರಡು ಗೋಲ್ ಜೊತೆಗೇ ಇರಬೇಕು ಅಂತ ಅದರ ಪುಟದಲ್ಲಿ ಬರೆದಿದೆ, ನಿಜ. ಆದರೆ ಒಂದನ್ನೇ ಬರೆದವನಿಗೆ ಒಂದು ವಾರ್ನಿಂಗ್ ಕೊಡುವುದಕ್ಕೆ ಏನು ಕಷ್ಟ? ಇದೇ ಗುಂಡಿಗೆ ಇನ್ನೊಂದು ಕಡೆಯಿಂದಲೂ ಬೀಳಬಹುದು. ಕೋಡ್ ಬದಲಾದಾಗೆಲ್ಲ ತಾನಾಗಿ ಬಿಲ್ಡ್ ಓಡಿಸುವ ಸಿಐ ಸ್ಕ್ರಿಪ್ಟ್‌ನಲ್ಲಿ ಎಂವಿಎನ್ ಇಂಟಿಗ್ರೇಶನ್-ಟೆಸ್ಟ್ ಅಂತ ಬರೆದರೆ ಮೇವನ್ ಆ ಹಂತಕ್ಕೇ ನಿಲ್ಲುತ್ತದೆ. ಪೋಸ್ಟ್ ಇಲ್ಲ, ವೆರಿಫೈ ಇಲ್ಲ. ಕಂಟೇನರ್ ಹಾಗೇ ಓಡುತ್ತಿರುತ್ತದೆ, ಬಿದ್ದ ಟೆಸ್ಟ್ ಯಾರಿಗೂ ಗೊತ್ತಾಗುವುದಿಲ್ಲ. ಯಾವಾಗಲೂ ವೆರಿಫೈ ಅಂತಲೇ ಕೊಡಿ.

ಹೆಸರಿನ ಗೊಂದಲವೂ ಕಡಿಮೆಯೇನಲ್ಲ. ಫೇಲ್‌ಸೇಫ್ ಎತ್ತಿಕೊಳ್ಳುವುದು ಐಟಿ ಅಂತ ಶುರುವಾಗುವ, ಐಟಿ ಅಥವಾ ಐಟಿಕೇಸ್ ಅಂತ ಮುಗಿಯುವ ಕ್ಲಾಸುಗಳನ್ನು. ಶೂರ್‌ಫೈರ್ ಎತ್ತಿಕೊಳ್ಳುವುದು ಟೆಸ್ಟ್ ಅಂತ ಶುರುವಾಗುವ, ಟೆಸ್ಟ್, ಟೆಸ್ಟ್ಸ್, ಟೆಸ್ಟ್‌ಕೇಸ್ ಅಂತ ಮುಗಿಯುವ ಕ್ಲಾಸುಗಳನ್ನು. ನಮ್ಮಲ್ಲಿ ಹಲವರು ಅರ್ಥವಾಗಲಿ ಅಂತ ಇನ್‌ವಾಯ್ಸ್‌ಇಂಟಿಗ್ರೇಶನ್‌ಟೆಸ್ಟ್ ಅಂತ ಉದ್ದ ಹೆಸರಿಟ್ಟಿದ್ದರು. ಹೆಸರಲ್ಲೇ ಇಂಟಿಗ್ರೇಶನ್ ಇದೆ, ಆದರೆ ಕೊನೆ ಟೆಸ್ಟ್. ಹಾಗಾಗಿ ಜಾರ್ ಕಟ್ಟುವ ಮೊದಲೇ ಶೂರ್‌ಫೈರ್ ಎತ್ತಿಕೊಂಡು ಹೋಗುತ್ತದೆ. ಡೇಟಾಬೇಸ್ ಇನ್ನೂ ಎದ್ದಿರುವುದಿಲ್ಲ, ಕನೆಕ್ಷನ್ ರೆಫ್ಯೂಸ್ಡ್. ಇದಕ್ಕಿಂತ ತಮಾಷೆಯದು ಇನ್ನೊಂದಿದೆ. ಇಂಟರ್‌ಫೇಸ್ ಹೆಸರಿನ ಮುಂದೆ ಐ ಹಾಕುವ ಅಭ್ಯಾಸದ ಒಬ್ಬರು ಟ್ಯಾಕ್ಸ್‌ಕ್ಯಾಲ್ಕುಲೇಟರ್ ಇಂಟರ್‌ಫೇಸಿಗೆ ಐಟ್ಯಾಕ್ಸ್‌ಕ್ಯಾಲ್ಕುಲೇಟರ್‌ಟೆಸ್ಟ್ ಅಂತ ಟೆಸ್ಟ್ ಬರೆದರು. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಎರಡು ಅಕ್ಷರ ಐ, ಟಿ. ಕೊನೆಗೆ ಟೆಸ್ಟ್. ಎರಡೂ ಪ್ಲಗಿನ್‌ಗೂ ಅದು ತಮ್ಮದೇ. ಪ್ರತಿ ಬಿಲ್ಡ್‌ನಲ್ಲೂ ಎರಡು ಸಲ ಓಡುತ್ತಿತ್ತು. ಯೂನಿಟ್ ಟೆಸ್ಟ್ ಆದ್ದರಿಂದ ನಷ್ಟವೇನೂ ಆಗಲಿಲ್ಲ, ನಾವೆಲ್ಲ ನಕ್ಕೆವು.

ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಫ್ರೇಮ್‌ವರ್ಕ್ ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದು ಲೈಬ್ರರಿಗಳನ್ನೂ ಸೇರಿಸಿ ಮತ್ತೆ ಕಟ್ಟುವ, ಅಂದರೆ ರೀಪ್ಯಾಕೇಜ್ ಮಾಡುವ ಜಾರ್‌ನಲ್ಲಿ ನಮ್ಮ ಕ್ಲಾಸುಗಳು ಮೇಲ್ಮಟ್ಟದಲ್ಲಿ ಇರುವುದಿಲ್ಲ, ಬೂಟ್-ಐಎನ್‌ಎಫ್ ಅನ್ನುವ ಫೋಲ್ಡರ್ ಒಳಗೆ ಇರುತ್ತವೆ. ಅಂಥ ಜಾರನ್ನು ಕ್ಲಾಸ್‌ಪಾತ್‌ಗೆ ಹಾಕಿದರೆ ಫೇಲ್‌ಸೇಫ್‌ಗೆ ಒಂದು ಕ್ಲಾಸೂ ಕಾಣುವುದಿಲ್ಲ, ನೋಕ್ಲಾಸ್‌ಡೆಫ್‌ಫೌಂಡ್ ಎರರ್ ಸಾಲುಸಾಲಾಗಿ ಬರುತ್ತದೆ. ಸ್ಪ್ರಿಂಗ್ ಬೂಟ್‌ನ ಸ್ಟಾರ್ಟರ್ ಪೇರೆಂಟ್ (ಸಿದ್ಧ ಸೆಟ್ಟಿಂಗ್‌ಗಳಿರುವ ಪಾಮ್) ಬಳಸಿದರೆ ಅದು ತಾನೇ ಕ್ಲಾಸಸ್‌ಡೈರೆಕ್ಟರಿ ಸೆಟ್ಟಿಂಗ್ ಹಾಕಿ ಫೋಲ್ಡರ್ ಕಡೆ ತಿರುಗಿಸಿಡುತ್ತದೆ. ಎರರ್ ಹೋಗುತ್ತದೆ. ಜೊತೆಗೆ ಜಾರ್ ಪರೀಕ್ಷೆಯೂ ಹೋಗುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮೂರು ಸಾಲಿನ ಟೆಸ್ಟ್ ಇಂಥ ಪ್ರಾಜೆಕ್ಟ್‌ನಲ್ಲಿ ಬೀಳುತ್ತದೆ. ಬೀಳಬೇಕಾದ್ದೇ. ಇನ್ನೊಂದು ದಾರಿ, ರೀಪ್ಯಾಕೇಜ್‌ಗೆ ಎಕ್ಸೆಕ್ ಅಂತ ಒಂದು ಕ್ಲಾಸಿಫೈಯರ್ (ಜಾರ್ ಹೆಸರಿನ ಕೊನೆಗೆ ಅಂಟಿಸುವ ಬಾಲ) ಕೊಡುವುದು. ಆಗ ಸಾದಾ ಜಾರ್ ಸಾದಾ ಆಗಿಯೇ ಉಳಿಯುತ್ತದೆ, ಫೇಲ್‌ಸೇಫ್ ಅದರ ಮೇಲೆ ಓಡುತ್ತದೆ.

ಹಾಗಾದರೆ ಜಾರ್ ಮೇಲೆ ಓಡಿ ಪಾಸಾದರೆ ಸಾಕಾ? ಸಾಲದು. ಇದು ನನಗೆ ಅರ್ಥವಾಗುವುದಕ್ಕೆ ಇನ್ನೊಂದು ಪೆಟ್ಟು ಬೇಕಾಯಿತು. ಒಂದು ಲೈಬ್ರರಿ ಬೇರೊಂದು ಲೈಬ್ರರಿಯ ಬೆನ್ನು ಹತ್ತಿ ತಾನಾಗಿ ಬರುತ್ತಿತ್ತು. ಟೆಸ್ಟ್‌ನಲ್ಲಿ ಬೇಕು ಅಂತ ಯಾರೋ ಅದನ್ನೇ ಪಾಮ್‌ನಲ್ಲಿ ನೇರವಾಗಿ, ಟೆಸ್ಟ್ ಸ್ಕೋಪ್, ಅಂದರೆ ಟೆಸ್ಟ್‌ಗೆ ಮಾತ್ರ ಸಾಕು ಅನ್ನುವ ಗುರುತು, ಕೊಟ್ಟು ಬರೆದರು. ಮೇವನ್‌ನಲ್ಲಿ ಹತ್ತಿರದ ಮಾತೇ ನಡೆಯುವುದು. ನಾವು ನೇರವಾಗಿ ಬರೆದ ಟೆಸ್ಟ್ ಸ್ಕೋಪ್ ಗೆದ್ದಿತು, ಸರ್ವರಿಗೆ ಹೋಗುವ ಲಿಬ್ ಫೋಲ್ಡರ್‌ನಿಂದ ಲೈಬ್ರರಿ ಮಾಯ. ಆದರೆ ಫೇಲ್‌ಸೇಫ್ ಓಡುವಾಗ ಜಾರ್ ಪಕ್ಕದಲ್ಲೇ ಟೆಸ್ಟ್ ಸ್ಕೋಪ್‌ನ ಲೈಬ್ರರಿಗಳೂ ಕ್ಲಾಸ್‌ಪಾತ್‌ನಲ್ಲಿ ಕೂತಿರುತ್ತವೆ. ಅಲ್ಲಿ ಏನೂ ಕೊರತೆ ಕಾಣಲಿಲ್ಲ. ಸರ್ವರ್‌ನಲ್ಲಿ ಕಂಡಿತು.

ಈಗ ಮುಖ್ಯವಾದ ಸರ್ವಿಸ್‌ಗಳಿಗೆ ಬೇರೆ ಥರ ಮಾಡುತ್ತೇವೆ. ಪ್ರಿ ಹಂತದಲ್ಲಿ ಕಟ್ಟಿದ ಜಾರ್‌ನಿಂದಲೇ ಡಾಕರ್ ಇಮೇಜ್ (ಕಂಟೇನರ್‌ನ ಅಚ್ಚು) ಮಾಡಿ, ಕಂಟೇನರ್ ಆಗಿ ಓಡಿಸುತ್ತೇವೆ. ಇದಕ್ಕೆ ಫ್ಯಾಬ್ರಿಕ್8 ಅವರ ಡಾಕರ್ ಮೇವನ್ ಪ್ಲಗಿನ್ ಇದೆ. ಬಿಲ್ಡ್ ಹೆಲ್ಪರ್ ಪ್ಲಗಿನ್ ಖಾಲಿ ಇರುವ ಪೋರ್ಟ್ ಒಂದನ್ನು ಹುಡುಕಿ ಕೊಡುತ್ತದೆ. ಇಲ್ಲದಿದ್ದರೆ ಒಂದೇ ಸಿಐ ಮಷೀನ್‌ನಲ್ಲಿ ಎರಡು ಬಿಲ್ಡ್ 8080ಕ್ಕೆ ಜಗಳ ಆಡುತ್ತವೆ. ಫೇಲ್‌ಸೇಫ್ ಟೆಸ್ಟ್‌ಗಳು ಹೊರಗಿನಿಂದ ಎಚ್‌ಟಿಟಿಪಿ ಮೂಲಕ ಮಾತ್ರ ಮಾತಾಡುತ್ತವೆ. ಟೆಸ್ಟ್‌ನ ಕ್ಲಾಸ್‌ಪಾತ್‌ನಲ್ಲಿ ಏನಿದ್ದರೂ ಕಂಟೇನರ್ ಒಳಗೆ ನುಸುಳುವುದಿಲ್ಲ. ಮೇಲಿನ ಲೈಬ್ರರಿ ಕಥೆಯನ್ನು ಬೇಕಂತಲೇ ಮತ್ತೆ ಮಾಡಿ ನೋಡಿದೆ, ಕಂಟೇನರ್ ಎದ್ದೇಳುವಾಗಲೇ ಸತ್ತಿತು. ಸ್ಪ್ರಿಂಗ್ ಬೂಟ್‌ನ ತೊಡಕಿಗೂ ಇದೇ ಮದ್ದು.

ಇದರಲ್ಲೂ ಒಂದು ತೂತಿದೆ. ಟೆಸ್ಟ್ ಬಿದ್ದರೆ ಪೋಸ್ಟ್ ಹಂತ ನಡೆಯುತ್ತದೆ, ಸರಿ. ಆದರೆ ಪ್ರಿ ಹಂತವೇ ಕೆಟ್ಟರೆ? ಡೇಟಾಬೇಸ್ ಎದ್ದು, ನಮ್ಮ ಸರ್ವಿಸ್ ಏಳದೆ ಆ ಪ್ಲಗಿನ್ ಎರರ್ ಕೊಟ್ಟರೆ ಮೇವನ್ ಅಲ್ಲೇ ಕೈಚೆಲ್ಲುತ್ತದೆ. ಪೋಸ್ಟ್ ತನಕ ಹೋಗುವುದೇ ಇಲ್ಲ. ಕಂಟ್ರೋಲ್-ಸಿ ಒತ್ತಿದರೂ ಅಷ್ಟೇ. ಇದಕ್ಕೆ ಫೇಲ್‌ಸೇಫನ್ನು ಬೈಯುವುದು ತಪ್ಪು, ಅದರ ಸರದಿಯೇ ಬಂದಿರುವುದಿಲ್ಲ. ಸಿಐನಲ್ಲಿ ಕೊನೆಗೆ ಉಳಿದ ಕಂಟೇನರ್ ಅಳಿಸುವ ಒಂದು ಸಾಲು ಬೇರೆಯಾಗಿ ಇಟ್ಟಿದ್ದೇವೆ. ಟೆಸ್ಟ್ ಕೋಡ್‌ನಿಂದಲೇ ಕಂಟೇನರ್ ಎಬ್ಬಿಸುವ ಟೆಸ್ಟ್‌ಕಂಟೇನರ್ಸ್ ಬಳಸುವವರಿಗೆ ಈ ತಲೆನೋವು ಕಡಿಮೆ, ಅದು ಬಿಟ್ಟುಹೋದ ಕಂಟೇನರ್‌ಗಳನ್ನು ತಾನೇ ಗುಡಿಸುತ್ತದೆ.

ವೇಗದ ಬಗ್ಗೆ ಕೇಳಬೇಡಿ. ಒಂದೇ ಟೆಸ್ಟ್ ಓಡಿಸಬೇಕು ಅಂದರೂ ಕಂಪೈಲ್, ಯೂನಿಟ್ ಟೆಸ್ಟ್, ಪ್ಯಾಕೇಜ್, ಕಂಟೇನರ್, ಅಷ್ಟೂ ಆಗಬೇಕು. ಐಟಿ-ಡಾಟ್-ಟೆಸ್ಟ್ ಅನ್ನುವ ಪ್ರಾಪರ್ಟಿಗೆ ಕ್ಲಾಸ್ ಹೆಸರು ಕೊಟ್ಟರೆ ಇಂಟಿಗ್ರೇಶನ್ ಟೆಸ್ಟ್‌ಗಳಲ್ಲಿ ಅದೊಂದೇ ಓಡುತ್ತದೆ. ಯೂನಿಟ್ ಟೆಸ್ಟ್‌ಗಳು ಮಾತ್ರ ಎಂದಿನಂತೆ ಓಡುತ್ತವೆ. ಸ್ಕಿಪ್‌ಐಟಿಎಸ್ ಕೊಟ್ಟರೆ ಇಂಟಿಗ್ರೇಶನ್ ಟೆಸ್ಟ್ ಮಾತ್ರ ಬಿಡುತ್ತದೆ, ಸ್ಕಿಪ್‌ಟೆಸ್ಟ್ಸ್ ಕೊಟ್ಟರೆ ಎರಡನ್ನೂ ಬಿಡುತ್ತದೆ. ಯೂನಿಟ್ ಟೆಸ್ಟ್ ಮಾತ್ರ ಬಿಡುವುದಕ್ಕೆ ನಾನು ಪಾಮ್‌ನಲ್ಲಿ ನನ್ನದೇ ಒಂದು ಪ್ರಾಪರ್ಟಿ ಮಾಡಿ ಶೂರ್‌ಫೈರ್‌ಗೆ ಕಟ್ಟಿದ್ದೇನೆ. ಎರಡು ನಿಮಿಷದ ಕೆಲಸ, ದಿನಕ್ಕೆ ಹತ್ತು ಸಲ ಉಪಯೋಗ.

ವರ್ಷನ್ ವಿಷಯದಲ್ಲಿ ತುಂಬ ತಾಳ್ಮೆ ಬೇಕಾಯಿತು. 2018ರಲ್ಲಿ ಬಂದ 2.22.0 ವರ್ಷನ್, ಜಾವಾ ಟೆಸ್ಟ್ ಬರೆಯಲು ಬಳಸುವ ಜೆಯುನಿಟ್ 5 ಅನ್ನು ನೇರವಾಗಿ ಅರ್ಥಮಾಡಿಕೊಂಡಿತು. ಆಮೇಲೆ 3.0.0 ಬರುತ್ತೆ ಬರುತ್ತೆ ಅಂತ ಎಂ1, ಎಂ2 ಹೀಗೆ ಎಂ9 ತನಕ ಮೈಲ್‌ಸ್ಟೋನ್‌ಗಳೇ, ಅಂದರೆ ಪೂರ್ತಿಯಾಗುವ ಮುಂಚಿನ ವರ್ಷನ್‌ಗಳೇ, ಬಂದವು. ಪೂರ್ತಿ 3.0.0 ಕೈಗೆ ಸಿಕ್ಕಿದ್ದು 2023ರಲ್ಲಿ. ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಮೈಲ್‌ಸ್ಟೋನ್ ಹಾಕಬಹುದೋ ಬೇಡವೋ ಅಂತ ನಮ್ಮಲ್ಲಿ ನಡೆದಷ್ಟು ಮೀಟಿಂಗ್ ಬೇರೆ ಯಾವುದಕ್ಕೂ ನಡೆದಿರಲಿಲ್ಲ. ಕೊನೆಗೆ ಎಂ5 ಹಾಕಿದೆವು, ಆಕಾಶವೇನೂ ಬೀಳಲಿಲ್ಲ. ಶೂರ್‌ಫೈರ್ ಮತ್ತು ಫೇಲ್‌ಸೇಫ್ ವರ್ಷನ್‌ಗಳನ್ನು ಒಂದೇ ಪ್ರಾಪರ್ಟಿಯಲ್ಲಿ ಇಡಿ, ಒಂದನ್ನು ಏರಿಸಿ ಇನ್ನೊಂದನ್ನು ಮರೆಯುವುದು ತಪ್ಪುತ್ತದೆ.

ಐದಕ್ಕೆ ಎಷ್ಟು ಅಂದರೆ ನಾಲ್ಕು ಕೊಡುತ್ತೇನೆ. ದುಡ್ಡು ಕೊಡಬೇಕಾಗಿಲ್ಲ, ಮಾಡುವ ಕೆಲಸ ಸ್ವಚ್ಛ, ಬಿದ್ದರೂ ಮನೆ ಗುಡಿಸಿಯೇ ಬೀಳುತ್ತದೆ. ಕಳೆದ ಒಂದು ಅಂಕ ಆ ಮೌನಕ್ಕೆ.

ಮೌನದ ವಿರುದ್ಧ ನನ್ನದೊಂದು ಉಪಾಯ ಇದೆ. ಹೊಸ ಪ್ರಾಜೆಕ್ಟ್ ಕೈಗೆ ಬಂದರೆ ಮೊದಲು ಬೇಕಂತಲೇ ಬೀಳುವ ಒಂದು ಐಟಿ ಟೆಸ್ಟ್ ಬರೆಯುತ್ತೇನೆ. ಒಂದು ಎರಡಕ್ಕೆ ಸಮ ಅಂತ ವಾದಿಸುವ ಟೆಸ್ಟ್. ಬಿಲ್ಡ್ ಕೆಂಪಾಗುವ ತನಕ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಳೆದ ವಾರ ಬೇರೆ ತಂಡದ ಒಂದು ಸ್ಪ್ರಿಂಗ್ ಬೂಟ್ ಪ್ರಾಜೆಕ್ಟ್ ಬಂತು. "ಫೇಲ್‌ಸೇಫ್ ಎಲ್ಲ ಇದೆ ಸರ್, ಎರಡೂ ಗೋಲ್ ಇದೆ" ಅಂದರು. ಪಾಮ್ ನೋಡಿದೆ, ಎರಡೂ ಗೋಲ್ ಇತ್ತು. ನನ್ನ ಟೆಸ್ಟ್ ಹಾಕಿ ಎಂವಿಎನ್ ವೆರಿಫೈ ಕೊಟ್ಟೆ. ಬಿಲ್ಡ್ ಸಕ್ಸೆಸ್. ಲಾಗ್‌ನಲ್ಲಿ ಫೇಲ್‌ಸೇಫ್ ಅನ್ನುವ ಪದವೇ ಇಲ್ಲ. ಮತ್ತೆ ಪಾಮ್ ತೆರೆದರೆ, ಬರೆದಿದ್ದೆಲ್ಲ ಪ್ಲಗಿನ್‌ಮ್ಯಾನೇಜ್‌ಮೆಂಟ್ ಒಳಗೆ. ಅಲ್ಲಿ ಬರೆದದ್ದು ಬಂದರೆ ಹೀಗಿರು ಅನ್ನುವ ಸೂಚನೆ ಅಷ್ಟೇ, ಬಾ ಅಂತ ಯಾರೂ ಕರೆದಿರಲಿಲ್ಲ. ಕೆಳಗೆ ಪ್ಲಗಿನ್ಸ್ ಭಾಗದಲ್ಲಿ ಹೆಸರು ಸೇರಿಸಿ ಮತ್ತೆ ಓಡಿಸಿದೆ. ನನ್ನ ಟೆಸ್ಟ್ ಬಿತ್ತು. ಅದರ ಜೊತೆ ಅವರ ಏಳು ಟೆಸ್ಟ್‌ಗಳೂ ಬಿದ್ದವು.